ಎದುರು ಪಕ್ಷದ ಮೆಚ್ಚುಗೆ

ಗೆದ್ದವನಿಗೆ ಅವನ ಪಕ್ಷದವರು ಹಾಕುವ ಹಾರಕ್ಕಿಂತ ಸೋತ ಪಕ್ಷದವರು ತಟ್ಟುವ ಚಪ್ಪಾಳೆಯೇ ಹೆಚ್ಚು ಬೆಲೆಯುಳ್ಳದ್ದು. ಏಕೆಂದರೆ ಹಾರದಲ್ಲಿ ಸ್ವಪಕ್ಷಾಭಿಮಾನವೆಷ್ಟು, ಗುಣಗ್ರಹಣವೆಷ್ಟು ಎಂಬುದನ್ನು ಬೇರ್ಪಡಿಸಿ ತೂಗಲಾಗದು. 1999ರ ಜನವರಿ 31ರಂದು ಚೆನ್ನೈಯ ಚೇಪಾಕ್ ಮೈದಾನದಲ್ಲಿ ಭಾರತವು 12 ರನ್ನುಗಳಿಂದ ಸೋತಾಗ, ಕ್ಷಣಕಾಲ ಸ್ತಬ್ಧರಾಗಿದ್ದ ಪ್ರೇಕ್ಷಕರು ಮೇಲೆದ್ದು ಪಾಕಿಸ್ತಾನದ ಆಟಗಾರರನ್ನು ಕರತಾಡನದಿಂದ ಗೌರವಿಸಿದ್ದನ್ನೂ, ಅವರು ಮೈದಾನಕ್ಕೆ ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿದ್ದನ್ನೂ ಕಂಡವರು ಮರೆತಿಲ್ಲ. ಆದರೆ ಈ ಸದ್ಗುಣವು ಅದಕ್ಕೆ ನೂರು ವರ್ಷ ಮೊದಲೇ ಪುಣೆಯಲ್ಲಿ ಒರೆಗೆ ಹಚ್ಚಲ್ಪಟ್ಟಿತ್ತು. ಅದಕ್ಕೆ ಕಾರಣನಾದ ಆಟಗಾರನು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಪಾಳವಣಕರ ಬಾಳೂ ಅವರು 1870ರ ದಶಕದಲ್ಲಿ, ಅಸ್ಪೃಶ್ಯವೆಂದು ಸಮಾಜವು ದೂರವಿಟ್ಟಿದ್ದ ಚರ್ಮಕಾರ ಕುಲದಲ್ಲಿ ಜನಿಸಿದರು. ತಂದೆಯದು ಸೈನ್ಯದ ನೌಕರಿ. ಪುಣೆಯಲ್ಲಿ ಮೊದಲು ಪಾರಸಿಗಳ ಕ್ಲಬ್ಬೊಂದರಲ್ಲಿಯೂ, 1892ರಿಂದ ತಿಂಗಳಿಗೆ 4 ರೂಪಾಯಿ ಸಂಬಳದ ಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿಯೂ, ಪಿಚ್ಚಿಗೆ ರೋಲರ್ ಎಳೆಯುವ, ಅಭ್ಯಾಸದ ಬಲೆ ಕಟ್ಟುವ ಕೆಲಸ ಅವರದಾಯಿತು. ಬಲೆಯೊಳಗೆ ದೊರೆಗಳಿಗೆ ಬೌಲ್ ಮಾಡುವುದೂ ಅದೇ ಚಾಕರಿಯ ಭಾಗ. ಯುರೋಪಿಯನ್ ಬ್ಯಾಟುಗಾರರಲ್ಲಿ ಅಗ್ರಗಣ್ಯನಾಗಿದ್ದ ಜೆ. ಜಿ. ಗ್ರೇಗ್ ಎಂಬ ಸೇನಾಧಿಕಾರಿಯು, ಬಾಳೂ ಅವರ ಎಡಗೈಯ ಮಂದಗತಿಯ ಚೆಂಡಿಗೆ ತಾನು ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬುದು ಪ್ರತೀತಿ. ಆದರೆ ಬ್ಯಾಟು ಹಿಡಿಯುವ ಅವಕಾಶ ಮಾತ್ರ ಅವರಿಗೆ ಅಲ್ಲಿ ದೊರೆಯಲಿಲ್ಲ. ದೊರೆಗಳ ಮೆಚ್ಚುಗೆಯೂ ಎಂಟಾಣೆಯ ಆಚೆಗೆ ದಾಟುವಂತಿರಲಿಲ್ಲ.

ಮುಂದೆ ಪುಣೆಯ ಹಿಂದೂಗಳು ಯುರೋಪಿಯನ್ನರನ್ನು ಎದುರಿಸಲು ತಂಡ ಕಟ್ಟಿದಾಗ, ಬಾಳೂ ಅವರನ್ನು ಸೇರಿಸಿಕೊಳ್ಳಬೇಕೆ ಬೇಡವೆ ಎಂಬುದರ ಮೇಲೆ ಸವರ್ಣ ಆಟಗಾರರಲ್ಲಿ ದೊಡ್ಡ ವಿವಾದವೆದ್ದಿತು. ಅವರನ್ನು ಹೊರಗಿಟ್ಟರೆ ಹಿಂದೂಗಳು ಮೂರ್ಖರೇ ಸರಿ ಎಂದು ಆಗ ಗ್ರೇಗನೇ ಹೇಳಿದನಂತೆ. ತನ್ನ ವಿಕೆಟ್ಟನ್ನು ಕೀಳಬಲ್ಲವನಿಗಾಗಿ ಎದುರು ಪಾಳೆಯದವನೇ ವಾದಿಸಿದನೆಂದರೆ, ಅದಕ್ಕಿಂತ ನಿರ್ವಂಚನೆಯ ಪ್ರಶಂಸೆ ಯಾವುದಿದೆ? ಬಾಳೂ ತಂಡಕ್ಕೆ ಸೇರಿದರು, ಗೆಲುವುಗಳು ಬಂದವು. ಆದರೆ ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದ ಸಂಗಡಿಗರು, ಚಹದ ವೇಳೆಗೆ ಪೆವಿಲಿಯನ್ನಿನ ಒಳಗೆ ಕುಳಿತು ಪಿಂಗಾಣಿ ಬಟ್ಟಲಲ್ಲಿ ಕುಡಿಯುವಾಗ, ಹೊರಗೆ ನಿಂತ ಬಾಳೂ ಅವರಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ ಬರುತ್ತಿತ್ತು. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಮಣಿಸಿದಾಗಲೂ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ತಾವೊಬ್ಬರೇ 114 ವಿಕೆಟ್ಟುಗಳನ್ನು ಪಡೆದಾಗಲೂ ಅವರ ಕೀರ್ತಿ ಬೆಳೆಯಿತು. ಆದರೆ ಹಿಂದೂ ತಂಡದ ನಾಯಕತ್ವ ಅವರಿಗೆ ಕಡೆಗೂ ಬರಲಿಲ್ಲ.

ಅದೇ ಪುಣೆಯು 1948ರ ಡಿಸೆಂಬರಿನಲ್ಲಿ ಗ್ರೇಗನ ಗುಣಗ್ರಹಣಕ್ಕೆ ವಿಪರೀತವಾದ ಪ್ರಸಂಗವೊಂದನ್ನು ಕಂಡಿತು. ರಣಜಿ ಟ್ರೋಫಿಯ ಪಂದ್ಯದಲ್ಲಿ ಕಾಠಿಯಾವಾಡದ ವಿರುದ್ಧ ಮಹಾರಾಷ್ಟ್ರದ ಭಾವುಸಾಹೇಬ ನಿಂಬಾಳಕರರು 443 ರನ್ನುಗಳನ್ನು ಪೇರಿಸಿ, ಬ್ರಾಡ್ಮನ್ನರು 1930ರಲ್ಲಿ ಸ್ಥಾಪಿಸಿದ್ದ 452ರ ವಿಶ್ವದಾಖಲೆಗೆ ಕೇವಲ ಒಂಬತ್ತು ರನ್ನುಗಳ ಸಮೀಪಕ್ಕೆ ಬಂದಿದ್ದರು. ತಂಡದ ಮೊತ್ತವು ನಾಲ್ಕು ವಿಕೆಟ್ಟಿಗೆ 826 ಆಗಿತ್ತು. ವಿರಾಮದ ವೇಳೆಗೆ ಎದುರು ತಂಡದ ನಾಯಕರಾದ ರಾಜಕೋಟೆಯ ಠಾಕೋರ ಸಾಹೇಬರು, ಇಂತಹ ದಾಖಲೆಯು ತಮ್ಮ ತಂಡದ ಹೆಸರಿಗೆ ಅಂಟಿಕೊಳ್ಳುವುದನ್ನು ಸಹಿಸಲಾರದೆ, ಪಂದ್ಯವನ್ನೇ ಬಿಟ್ಟುಕೊಟ್ಟು ತಂಡದೊಡನೆ ಹೊರಟುಹೋದರು. ಎರಡೇ ಓವರುಗಳ ಔದಾರ್ಯವಿದ್ದರೆ ಸಾಕಾಗುತ್ತಿತ್ತು. ಯಾರ ದಾಖಲೆಯು ಅಂದು ಉಳಿಯಿತೋ ಆ ಬ್ರಾಡ್ಮನ್ನರೇ ಅನಂತರ ನಿಂಬಾಳಕರರಿಗೆ ಅಭಿನಂದನೆಯ ಪತ್ರ ಬರೆದರೆಂದು ಹೇಳುವರು. ಹಾಗಿದ್ದರೆ, ಪುಣೆಯ ಮೈದಾನದಲ್ಲಿ ಸಲ್ಲದೆ ಉಳಿದ ಗೌರವವು ಅಷ್ಟು ದೂರದ ಆಸ್ಟ್ರೇಲಿಯದಿಂದ ಅಂಚೆಯ ಮೂಲಕ ಬಂದು ಸೇರಿತೆನ್ನಬೇಕು. ನಿಂಬಾಳಕರರಿಗೆ ಟೆಸ್ಟ್ ಪಂದ್ಯವಾಡುವ ಯೋಗ ಮಾತ್ರ ಕೂಡಿಬರಲಿಲ್ಲ.

ಎದುರಾಳಿಯ ಮೆಚ್ಚುಗೆಯು ಪುಣೆಯಲ್ಲಿ ಒಬ್ಬರಿಗೆ ತಂಡದ ಬಾಗಿಲನ್ನು ತೆರೆಸಿತಾದರೂ ಚಹದ ಕೋಣೆಯ ಬಾಗಿಲನ್ನು ತೆರೆಸಲಾರದೆ ಹೋಯಿತು. ಅದರ ಅಭಾವವು ಇನ್ನೊಬ್ಬರನ್ನು ದಾಖಲೆಯ ಹೊಸ್ತಿಲಲ್ಲೇ ನಿಲ್ಲಿಸಿತು. ಅಂಕಪಟ್ಟಿಯಲ್ಲಿ 443ರ ಮಗ್ಗುಲಿಗೆ, ಔಟಾಗಲಿಲ್ಲವೆಂದು ಸೂಚಿಸುವ ಪುಟ್ಟ ನಕ್ಷತ್ರವೊಂದು ಇಂದಿಗೂ ಇದೆ. ಅಂದು ಅವರನ್ನು ಔಟು ಮಾಡಲು ಮೈದಾನದಲ್ಲಿ ಯಾರೂ ಉಳಿದಿರಲಿಲ್ಲ; ಮುಗಿದ ಮೇಲೆ ಕೈಕುಲುಕಲು ಸಹ.