ರೈತನ ಕಡೆ ಮುಖ ಮಾಡಿದ ಪರದೆ

ಇವತ್ತು ಪಹಣಿ ನೋಡಬೇಕೆಂದರೆ ಫೋನ್ ತೆಗೆದು ಸರ್ವೆ ನಂಬರ್ ಒತ್ತುತ್ತೇವೆ. ಇಪ್ಪತ್ತೈದು ವರ್ಷಗಳ ಹಿಂದೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ರಾಜ್ಯದಲ್ಲಿ ಆಗ ಸುಮಾರು 9,000 ಲೆಕ್ಕಿಗರಿದ್ದರು. ಒಬ್ಬೊಬ್ಬರ ಕೈಯಲ್ಲಿ ಮೂರ್ನಾಲ್ಕು ಊರಿನ ದಫ್ತರ. ಅವರು ಸಿಕ್ಕರೆ ಪಹಣಿ ಸಿಕ್ಕಿತು, ಇಲ್ಲದಿದ್ದರೆ ನಾಳೆ ಬಾ. ಪುಸ್ತಕದಲ್ಲಿ ಏನು ಬರೆದಿದೆ, ಯಾವಾಗ ತಿದ್ದಿದರು ಎಂಬುದು ಜಮೀನಿನ ಯಜಮಾನನಿಗೇ ಕಾಣುತ್ತಿರಲಿಲ್ಲ. ಬೆಳೆ ಸಾಲಕ್ಕೂ ಅದೇ ಕಾಗದ, ಕೋರ್ಟಿಗೂ ಅದೇ ಕಾಗದ.

ಇದನ್ನು ಬದಲಿಸಿದ್ದು 'ಭೂಮಿ' ಯೋಜನೆ. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳತ್ವ ವಹಿಸಿದ್ದರು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಗಳಲ್ಲಿ ಕೌಂಟರ್ ತೆರೆದು, 15 ರೂಪಾಯಿಗೆ ಒಂದು ಪಹಣಿ ಕೊಡತೊಡಗಿದರು. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸರ್ಕಾರವೇ ಸಾರಿತು. ಹಳೆ ಪುಸ್ತಕವೂ ಜೊತೆಗೇ ನಡೆಯಲಿ ಎಂದು ಬಿಟ್ಟಿದ್ದರೆ ಕಂಪ್ಯೂಟರ್ ಮೂಲೆಗೆ ಬೀಳುತ್ತಿತ್ತು ಎಂದೇ ನಮಗನ್ನಿಸುತ್ತದೆ.

ಆದರೆ ನಮಗೆ ಹಿಡಿಸಿದ್ದು ಆ ಕೌಂಟರಿನ ಒಂದು ಸಣ್ಣ ಏರ್ಪಾಡು. ಸಿಬ್ಬಂದಿಗೆ ಒಂದು ಪರದೆಯಾದರೆ, ಎದುರು ನಿಂತ ರೈತನ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆ. ಒಳಗೆ ಏನು ಒತ್ತುತ್ತಿದ್ದಾರೋ ಅದು ಹೊರಗೂ ಕಾಣಬೇಕು. ಓದಲು ಬಾರದವರಿಗೆ ಅದರಿಂದ ಏನು ಲಾಭ ಎಂದು ಕೇಳಬಹುದು. ಜೊತೆಗೆ ಬಂದ ಮಗನೋ ಮೊಮ್ಮಗಳೋ ಓದಿ ಹೇಳುತ್ತಾರಲ್ಲ! ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು, ಹಾಗಾಗಿ ತಿದ್ದಿದವರು ಯಾರೆಂದು ಗೊತ್ತಾಗುತ್ತಿತ್ತು. ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಿತ್ತು. ಪರಿಚಯದವರ ಅರ್ಜಿಯನ್ನು ಮುಂದಕ್ಕೆ ತಳ್ಳಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ.

ಹಾಗಂತ ಎಲ್ಲ ಸಲೀಸಾಗಲಿಲ್ಲ. ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ತಾಲ್ಲೂಕಿಗೆ ಹೋಗಬೇಕಾಯಿತು. ಪಹಣಿಗೆ 15 ರೂಪಾಯಿ ಸರಿ, ಬಸ್ ಚಾರ್ಜು, ಒಂದು ದಿನದ ಕೂಲಿ ಯಾರ ಲೆಕ್ಕಕ್ಕೆ? ಹೋಬಳಿಯ ನಾಡಕಚೇರಿಯಲ್ಲೇ ಪಹಣಿ ಸಿಗುವಂತಾದದ್ದು ಆಮೇಲೆ. ಇನ್ನು ಪುಸ್ತಕದ ತಪ್ಪು ಕಂಪ್ಯೂಟರಿಗೂ ಹೋಯಿತು. ತೀರಿಹೋದ ತಾತನ ಹೆಸರಲ್ಲಿದ್ದ ಜಮೀನು ಅಲ್ಲೂ ತಾತನ ಹೆಸರಲ್ಲೇ ಕೂತಿತು. ಪೌತಿ ಖಾತೆಯಾಗದೆ ಹೆಂಡತಿ, ಹೆಣ್ಣುಮಕ್ಕಳ ಹೆಸರು ಬರುವುದಾದರೂ ಎಲ್ಲಿಂದ?

ಈಗ ಕೌಂಟರೇ ಫೋನಿಗೆ ಬಂದಿದೆ. ಎದುರು ಕೂತು ಹೇಳುವವರಿಲ್ಲ. ಸರ್ವೆ ನಂಬರ್ ಹಾಕಿದ ಮೇಲೆ 'ಸರ್ನೋಕ್' ಎಂಬ ಪೆಟ್ಟಿಗೆ ಬರುತ್ತದೆ. ಓದಿದವರೂ ಅಲ್ಲಿ ತಡವರಿಸುತ್ತಾರೆ. ಅದೇನೆಂದು ಪಕ್ಕದಲ್ಲಿ ಎರಡು ಮಾತು ಕನ್ನಡದಲ್ಲಿ ಬರೆದಿದ್ದರೆ ಏನು ಹೋಗುತ್ತಿತ್ತೋ! ಬಹಳಷ್ಟು ಜಮೀನಿಗೆ ಅಲ್ಲಿ ನಕ್ಷತ್ರದ ಗುರುತೊಂದೇ ಇರುತ್ತದೆ. ಅದನ್ನೇ ಒತ್ತಿ ಮುಂದೆ ಹೋಗಿ, ನಿಮ್ಮ ಹಿಸ್ಸಾ ಆರಿಸಿಕೊಳ್ಳಿ. ಪಹಣಿ ತೆರೆದಾಗ 9ನೇ ಕಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ತೀರಿಸಿದ ಸಾಲ ಇನ್ನೂ ಉಳಿದಿದೆಯೇ ಎಂದು ಮನೆಯವರೆಲ್ಲ ಕೂತು ಒಮ್ಮೆ ಓದಿಸಿಕೊಳ್ಳಿ.