ಸ್ಟೈನ್‌ಬೆಕ್‌ನ ಹಿಂದಿನ ಟಯರು, ನಮ್ಮ ಭಾವನ ಪಿಕಪ್ಪು

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ನಮ್ಮ ಭಾವ ಫೋನ್ ಮಾಡಿದ್ರು. "ಲೋ, ಹಳೇ ಕಾಲದ್ದೆಲ್ಲ ಓದ್ತೀಯಲ್ಲ, ಈ ಟ್ರಕ್ ಕ್ಯಾಂಪರ್ ವಿಷಯ ಏನಾದ್ರೂ ಗೊತ್ತೇನೋ?" ಅಂದ್ರು. ಅವರ ಹತ್ರ ಒಂದು ಪಿಕಪ್ ಇದೆ. ಅದರ ಬೆನ್ನ ಮೇಲೆ ಕೂರಿಸೋ ಪುಟ್ಟ ಮನೆ, ಅದೇ ಕ್ಯಾಂಪರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತಾ ಇದೆ. ಮಾರುವವನು "ನಿಮ್ಮ ಗಾಡಿಗೆ ಧಾರಾಳವಾಗಿ ಆಗುತ್ತೆ" ಅಂದಿದ್ದಾನೆ. ಜೂನ್‌ನಲ್ಲಿ ನಮ್ಮಮ್ಮ ಅಲ್ಲಿಗೆ ಹೋಗ್ತಾರೆ. ಅವರನ್ನ ಕೂರಿಸಿಕೊಂಡು ಯೆಲ್ಲೊಸ್ಟೋನ್ ನೋಡಿಸಿಕೊಂಡು ಬರಬೇಕು ಅನ್ನೋದು ಅಕ್ಕನ ಆಸೆ.

ನನಗೆ ಮೆಕ್ಯಾನಿಕ್ ಕೆಲಸ ಬರಲ್ಲ. ಆದ್ರೆ ಆ ಗಾಡೀಲಿ ಕೂರೋಳು ಎಪ್ಪತ್ನಾಲ್ಕು ವರ್ಷದ ನಮ್ಮಮ್ಮ. "ಒಂದು ವಾರ ಟೈಮ್ ಕೊಡಿ ಭಾವ" ಅಂದೆ. ನನಗೆ ಗೊತ್ತಿರೋ ದಾರಿ ಒಂದೇ, ಹಿಂದೆ ಇದೇ ಕೆಲಸ ಮಾಡಿದವರಿಗೆ ಏನಾಯ್ತು ಅಂತ ನೋಡೋದು.

ಮೊದಲು ನೆನಪಾಗಿದ್ದು ಜಾನ್ ಸ್ಟೈನ್‌ಬೆಕ್. 1960. ಆಗ ಅವನಿಗೆ ಐವತ್ತೆಂಟು ವರ್ಷ, ಆರೋಗ್ಯ ಅಷ್ಟಕ್ಕಷ್ಟೆ. ಅಮೆರಿಕದ ಬಗ್ಗೆ ಇಷ್ಟೊಂದು ಬರೆದವನು ಅಮೆರಿಕವನ್ನ ನೋಡಿ ಎಷ್ಟೋ ವರ್ಷ ಆಯ್ತಲ್ಲ ಅನ್ನಿಸಿ, ನಾಯಿ ಚಾರ್ಲಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಅದರ ಕಥೆಯೇ 1962ರ 'ಟ್ರಾವೆಲ್ಸ್ ವಿತ್ ಚಾರ್ಲಿ'. ಎಲ್ಲರೂ ಆ ಪುಸ್ತಕವನ್ನ ನಾಯಿಗಾಗಿ ನೆನಪಿಟ್ಟುಕೊಳ್ತಾರೆ. ಈ ಸಲ ನಾನು ಓದಿದ್ದು ಗಾಡಿಗಾಗಿ.

ಅವನು ಗಾಡಿ ಆರಿಸಿದ ಕ್ರಮ ಮೆಚ್ಚುವಂಥದ್ದು. ಮನೆ ಕೊಂಡು ಆಮೇಲೆ ಅದಕ್ಕೊಂದು ಗಾಡಿ ಹುಡುಕಲಿಲ್ಲ. ಎಂಥ ರಸ್ತೆಗೂ ಹೋಗಬಲ್ಲ ಮುಕ್ಕಾಲು ಟನ್ನಿನ ಟ್ರಕ್ಕು ಬೇಕು, ಅದರ ಮೇಲೆ ದೋಣಿಯ ಕೋಣೆಯಂಥ ಮನೆ ಬೇಕು ಅಂತ ಮೊದಲೇ ನಿರ್ಧಾರ ಮಾಡಿಕೊಂಡಿದ್ದ. ಬಂದದ್ದು ವಿ6 ಎಂಜಿನ್‌ನ ಜಿಎಂಸಿ ಪಿಕಪ್ಪು, ಮಿಶಿಗನ್‌ನಲ್ಲಿ ತಯಾರಾದ ವುಲ್ವರೀನ್ ಕ್ಯಾಂಪರು. ಒಳಗೆ ಮಂಚ, ಒಲೆ, ಫ್ರಿಜ್ಜು, ಹೀಟರು ಎಲ್ಲ ಇತ್ತು. ಡಾನ್ ಕಿಹೋಟೆಯ ಕುದುರೆಯ ಹೆಸರನ್ನೇ ಇಟ್ಟ, ರೋಸಿನಾಂಟೆ.

ಈ 'ಮುಕ್ಕಾಲು ಟನ್' ಅನ್ನೋದರಲ್ಲೇ ವಿಷಯ ಇರೋದು. ಅಮೆರಿಕದಲ್ಲಿ ಪಿಕಪ್‌ಗಳನ್ನ ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅಂತ ಕರೀತಾರೆ. ಹಿಂದೊಂದು ಕಾಲಕ್ಕೆ ಅದು ಗಾಡಿ ಹೊರಬಲ್ಲ ತೂಕವೇ ಆಗಿತ್ತು. ಈಗ ಬರೀ ಹೆಸರು, ಅಳತೆ ಅಲ್ಲ. ನಮ್ಮ ಭಾವನದು ಅರ್ಧ ಟನ್ನಿಂದು.

ಒಳ್ಳೇ ಗಾಡಿ ಆರಿಸಿದ ಸ್ಟೈನ್‌ಬೆಕ್ ಆಮೇಲೆ ಅದಕ್ಕೆ ತುಂಬಿದ್ದೇನು ಅಂತೀರಾ? ಓದದೇ ಉಳಿದಿದ್ದ ಪುಸ್ತಕಗಳೇ 150 ಪೌಂಡ್, ಅಂದ್ರೆ ಹತ್ತಿರಹತ್ತಿರ 68 ಕಿಲೋ. ಅದರ ಮೇಲೆ ಬರೆಯೋಕೆ ಕಾಗದ, ನಿಘಂಟು, ಸಲಕರಣೆಗಳು, ಡಬ್ಬಿ ಆಹಾರ, ಬಂದೂಕು, ಬಂದವರಿಗೆಲ್ಲ ಸುರಿಯೋವಷ್ಟು ಮದ್ಯ. ಗಾಡಿಗೆ ಭಾರ ಹೆಚ್ಚಾಗಿತ್ತು ಅಂತ ಅವನೇ ಒಪ್ಪಿಕೊಳ್ತಾನೆ. ದೇಶದ ಪೂರ್ವ ತುದಿಯಿಂದ ಪಶ್ಚಿಮದವರೆಗೂ ಗಾಡಿ ಸಹಿಸಿಕೊಳ್ತು. ಆರೆಗನ್‌ನಲ್ಲಿ, ಒಂದು ಭಾನುವಾರ, ಸುರಿಯೋ ಮಳೇಲಿ, ಹಿಂದಿನ ಟಯರು ಢಂ ಅಂತು. ಇನ್ನೊಂದು ಹಿಂದಿನ ಟಯರು ನೋಡಿದ್ರೆ ಅದೂ ಊದಿಕೊಂಡು ಕೂತಿದೆ. ಕೆಸರಲ್ಲಿ ಒದ್ದಾಡಿ ಟಯರು ಬದಲಾಯಿಸಿ, ತೆವಳಿಕೊಂಡು ಒಂದು ಊರು ಸೇರಿದ. ಅಲ್ಲಿನ ಪೆಟ್ರೋಲ್ ಬಂಕಿನವನು ರಜೆ ದಿನ ಅನ್ನೋದನ್ನೂ ನೋಡದೆ ಎಲ್ಲೆಲ್ಲಿಗೋ ಫೋನ್ ಮಾಡಿ ಭಾರದ ಗಾಡಿಗೆ ಹಾಕೋ ಟಯರು ತರಿಸಿಕೊಟ್ಟ. ಸ್ಟೈನ್‌ಬೆಕ್ ಅವನನ್ನ ಹರಸಿದ ಹಾಗೆ ಆ ಪುಸ್ತಕದಲ್ಲಿ ಬೇರೆ ಯಾರನ್ನೂ ಹರಸಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. 2010ರಲ್ಲಿ ಬಿಲ್ ಸ್ಟೈಗರ್‌ವಾಲ್ಡ್ ಅನ್ನೋ ಪತ್ರಕರ್ತ ಇದೇ ದಾರೀಲಿ ಮತ್ತೆ ಹೋಗಿ, ಸ್ಟೈನ್‌ಬೆಕ್ ಎಷ್ಟೋ ರಾತ್ರಿ ಕ್ಯಾಂಪರ್‌ನಲ್ಲಿ ಮಲಗೇ ಇರಲಿಲ್ಲ, ಹೋಟೆಲು ಮೋಟೆಲುಗಳಲ್ಲಿದ್ದ, ಹೆಂಡತಿಯೂ ಎಷ್ಟೋ ದಿನ ಜೊತೆಗಿದ್ದಳು ಅಂತ ತೋರಿಸಿದ. ದಾರೀಲಿ ಸಿಕ್ಕವರ ಜೊತೆಗಿನ ಮಾತುಕತೆ ಎಷ್ಟು ನಿಜ ಅನ್ನೋ ಅನುಮಾನವೂ ಬಂತು. ನನಗೂ ಆ ಅನುಮಾನ ಇದೆ. ಆದ್ರೆ ಟಯರಿನ ಕಥೆ ನಂಬ್ತೀನಿ. ಅಷ್ಟು ಪುಸ್ತಕ ಹೊತ್ತ ಗಾಡೀಲಿ ಅದನ್ನ ಕಟ್ಟಿ ಹೇಳಬೇಕಾದ ಅಗತ್ಯ ಇಲ್ಲ.

ಸರಿ, ಭಾವನಿಗೆ ಫೋನ್ ಮಾಡಿ, "ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿರೋ ಚೀಟಿ ಓದಿ" ಅಂದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ ಅಲ್ಲಿ ಬರೆದಿರುತ್ತೆ. ಅದೇ ಪೇಲೋಡ್. ಭಾವನ ಗಾಡಿದು 670 ಕಿಲೋ. ಕ್ಯಾಂಪರ್‌ನ ತೂಕ 610 ಕಿಲೋ. "ನೋಡಿದ್ಯಾ, ಇನ್ನೂ ಅರವತ್ತು ಮಿಕ್ಕಿದೆ" ಅಂದ್ರು ಭಾವ. ಮಾರುವವನ ಲೆಕ್ಕವೂ ಇಲ್ಲಿಗೇ ನಿಂತಿತ್ತು ಅಂತ ಕಾಣುತ್ತೆ. ಆ 610 ಖಾಲಿ ಡಬ್ಬದ ತೂಕ. ನೀರಿನ ಟ್ಯಾಂಕಿ ತುಂಬಿದ್ರೆ 95 ಲೀಟರು, ಅಂದ್ರೆ 95 ಕಿಲೋ. ಭಾವ, ಅಕ್ಕ, ಅಮ್ಮ, ಹತ್ತು ವರ್ಷದ ಮಗ, ನಾಲ್ಕೂ ಜನ 255. ಗ್ಯಾಸು, ಬ್ಯಾಟರಿ, ಬಟ್ಟೆ, ಪಾತ್ರೆ, ಅಕ್ಕಿಬೇಳೆ ಎಲ್ಲ ಕಮ್ಮಿ ಅಂದ್ರೂ 115. ಒಟ್ಟು 1075. ಹೊರಬೇಕಾದ್ದಕ್ಕಿಂತ 405 ಕಿಲೋ ಜಾಸ್ತಿ! ಅದೂ ಎತ್ತರದ ಮನೆ, ತಿರುವಿನಲ್ಲಿ ಓಲಾಡುತ್ತೆ. ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ ಹೊರಟರೆ ಮೊದಲು ಸಿಗೋದೇ ಡಾನರ್ ಪಾಸ್, 7000 ಅಡಿಗೂ ಎತ್ತರದ ಘಾಟಿ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಹಾಗಾದ್ರೆ ಟ್ರೇಲರ್" ಅಂದ್ರು. ಮಾರನೇ ದಿನ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು. ಬೆಳ್ಳಿ ಬಣ್ಣದ ಏರ್‌ಸ್ಟ್ರೀಮ್ ಟ್ರೇಲರನ್ನ ಒಬ್ಬ ಸೈಕಲ್‌ಗೆ ಕಟ್ಟಿಕೊಂಡು ಎಳೀತಾ ಇದ್ದಾನೆ. ಕೆಳಗೆ ಭಾವನ ಮೆಸೇಜು: "ಸೈಕಲ್ಲೇ ಎಳೆಯುತ್ತೆ, ನನ್ನ ಗಾಡಿ ಎಳೆಯಲ್ವಾ?"

ಅದು ನಿಜವಾದ ಫೋಟೋನೇ. 1947ರದು. ಎಳೀತಾ ಇರೋನು ಫ್ರಾನ್ಸಿನ ಸೈಕಲ್ ರೇಸುಗಾರ ಆಲ್‌ಫ್ರೆಡ್ ಲೆಟೂರ್ನರ್. 1941ರಲ್ಲಿ ಕಾರಿನ ಹಿಂದೆ ಗಾಳಿ ತಪ್ಪಿಸಿಕೊಂಡು ಗಂಟೆಗೆ 108 ಮೈಲಿಗೂ ಹೆಚ್ಚು ವೇಗದಲ್ಲಿ ಸೈಕಲ್ ಹೊಡೆದಿದ್ದವನು. ಏರ್‌ಸ್ಟ್ರೀಮ್‌ನ ವಾಲಿ ಬಯಾಮ್ ಜಾಹೀರಾತಿನಲ್ಲಿ ಗಟ್ಟಿಗ. ಆ ಅಲ್ಯೂಮಿನಿಯಂ ಆಕಾರ ಅವನೇ ಹುಟ್ಟುಹಾಕಿದ್ದೇನಲ್ಲ. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನ ತಯಾರಾದ ಕಾರ್ಖಾನೇಲಿ ಮೇಲ್ವಿಚಾರಕನಾಗಿದ್ದ ಹಾಲಿ ಬೋಲಸ್, ವಿಮಾನ ಕಟ್ಟೋ ರೀತೀಲೇ 1934ರಲ್ಲಿ 'ರೋಡ್ ಚೀಫ್' ಅನ್ನೋ ಟ್ರೇಲರ್ ಮಾಡಿದ್ದ. ಆ ಜಾಡಿನಲ್ಲೇ ಬಯಾಮ್ 1936ರಲ್ಲಿ 'ಕ್ಲಿಪರ್' ತಂದ. ಆಗಿನ ಕಾರುಗಳಿಗೆ ಈಗಿನ ಶಕ್ತಿ ಎಲ್ಲಿತ್ತು? ಹಾಗಾಗಿ ಟ್ರೇಲರೇ ಹಗುರಾಗಬೇಕಿತ್ತು, ಗಾಳಿ ಸೀಳಬೇಕಿತ್ತು.

ಇನ್ನೂ ಹಿಂದೆ ಹೋದ್ರೆ 1885. ಬ್ರಿಟನ್ನಿನ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್ ಬ್ರಿಸ್ಟಲ್‌ನಲ್ಲಿ 'ವಾಂಡರರ್' ಅನ್ನೋ ಮರದ ಮನೆಗಾಡಿ ಕಟ್ಟಿಸಿ, ಎರಡು ಕುದುರೆ ಹೂಡಿಸಿಕೊಂಡು ಸ್ಕಾಟ್ಲೆಂಡಿನವರೆಗೆ ಹೋದ. ಹತ್ತಿರಹತ್ತಿರ ಎರಡು ಟನ್ ಗಾಡಿ, ಎರಡೇ ಕುದುರೆ. ಅದೂ ನಡೀತು.

ಹಾಗಾದ್ರೆ ಭಾವ ಹೇಳಿದ್ದು ಸರಿ ತಾನೇ? ಸಮತಟ್ಟು ರಸ್ತೇಲಿ ಸರಿ. ಗಾಲಿ ಉರುಳೋಕೆ ಬಲ ಬೇಕಿಲ್ಲ, ಒಬ್ಬ ಗಟ್ಟಿಗ ಸಾಕು. ಆದ್ರೆ ಆ ಫೋಟೋದಲ್ಲಿ ಇಳಿಜಾರಿಲ್ಲ. ಇಳಿಯುವಾಗ ಹಿಂದಿನ ಭಾರ ಮುಂದಿನವನನ್ನ ತಳ್ಳೋಕೆ ಶುರು ಮಾಡುತ್ತೆ. ಅಲ್ಲಿ ಬೇಕಾದ್ದು ಎಳೆಯೋ ಶಕ್ತಿ ಅಲ್ಲ, ಹಿಡಿಯೋ ಶಕ್ತಿ. ಅದಕ್ಕೇ ಈ ತೂಕದ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕು, ಅದನ್ನ ಡ್ರೈವರ್ ಸೀಟಿನಿಂದಲೇ ಹಿಡಿಯೋ ಸಾಧನವೂ ಇರಬೇಕು.

ಇನ್ನೊಂದು ವಿಷಯ ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಿರಲಿಲ್ಲ. ನಮ್ಮೂರು ಮದ್ದೂರಿನ ಹತ್ತಿರ. ನಮ್ಮಜ್ಜ ಎತ್ತಿನ ಗಾಡೀಲಿ ಮಂಡ್ಯದ ಕಾರ್ಖಾನೆಗೆ ಕಬ್ಬು ಹೊಡೀತಿದ್ರು. ಕಬ್ಬು ತುಂಬೋವಾಗ ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದರ ಮೇಲೆ ಅವರ ಕಣ್ಣು. ಹಿಂಭಾರ ಆದ್ರೆ ಮೂಕಿ ಮೇಲೇಳುತ್ತೆ, ನೊಗದ ಹಗ್ಗ ಎತ್ತಿನ ಕುತ್ತಿಗೆಯನ್ನ ಮೇಲಕ್ಕೆ ಬಿಗಿಯುತ್ತೆ. ಮುಂಭಾರ ಆದ್ರೆ ಎತ್ತು ಹೆಗಲು ಕೊಟ್ಟು ಸೋತುಹೋಗುತ್ತೆ. ತುಂಬಿದ ಮೇಲೆ ನೊಗವನ್ನ ಕೈಯಲ್ಲಿ ಎತ್ತಿ ನೋಡ್ತಿದ್ರು. ಅಷ್ಟೇ ಅವರ ತಕ್ಕಡಿ.

ಅಮೆರಿಕದವರು ಇದನ್ನೇ ಟಂಗ್ ವೇಯ್ಟ್ ಅಂತಾರೆ, ನಾಲಿಗೆ ಭಾರ. ಕಾರು ಪಿಕಪ್ಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯೋ ಟ್ರೇಲರ್‌ನಲ್ಲಿ, ಅದರ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಕೊಕ್ಕೆ ಮೇಲೆ ಕೂರಬೇಕು. ಕಮ್ಮಿಯಾದ್ರೆ ಹೆದ್ದಾರಿ ವೇಗದಲ್ಲಿ ಟ್ರೇಲರ್ ಹಾವಿನ ಬಾಲದ ಥರ ಹೊಯ್ದಾಡಿ ಮುಂದಿನ ಗಾಡಿಯನ್ನೂ ಸುತ್ತಿಸಿಬಿಡಬಹುದು. ಹೆಚ್ಚಾದ್ರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತೆ.

ಈ ಭಾರವೂ ಆ ಬಾಗಿಲ ಚೀಟಿಯ 670ರಲ್ಲೇ ಬರಬೇಕು, ಇದನ್ನ ಎಷ್ಟೋ ಜನ ಮರೀತಾರೆ. ಸಾಮಾನು ತುಂಬಿ 1600 ಕಿಲೋ ಆಗೋ ಟ್ರೇಲರ್ ಅಂತ ಇಟ್ಕೊಳ್ಳಿ. ನಾಲಿಗೆ ಭಾರ 190ರ ಹತ್ತಿರ. ನಾಲ್ಕು ಜನ 255. ಇನ್ನೂ 225 ಕಿಲೋ ಮಿಕ್ಕುತ್ತೆ. ಇದು ಭಾವನ ಗಾಡಿಗೆ ಹೊಂದೋ ಲೆಕ್ಕ. ಹಿಂದೆ ನೀಡಿಕೊಂಡಿರೋದನ್ನ ತಿರುಗಿಸಿ ರಿವರ್ಸ್ ತೆಗೆಯೋದು ಕಲೀಬೇಕು, ಅದು ಬೇರೆ ಮಾತು.

ಹಾಗಂತ ಟ್ರೇಲರ್ ಸಿಕ್ಕಿದ ತಕ್ಷಣ ಜನ ಬುದ್ಧಿವಂತರಾಗಿಬಿಡಲ್ಲ. 1954ರ 'ದಿ ಲಾಂಗ್, ಲಾಂಗ್ ಟ್ರೇಲರ್' ಸಿನಿಮಾ ನೋಡಿ. ಹೊಸದಾಗಿ ಮದುವೆಯಾದ ಜೋಡಿ, ಲೂಸಿಲ್ ಬಾಲ್ ಮತ್ತು ದೇಸಿ ಅರ್ನಾಜ್. ಹೋದ ಕಡೆಯೆಲ್ಲ ನೆನಪಿಗೆ ಅಂತ ಹೆಂಡತಿ ಕಲ್ಲುಗುಂಡು ಆರಿಸಿ ಟ್ರೇಲರ್‌ನಲ್ಲಿ ತುಂಬ್ತಾಳೆ. ಬೆಟ್ಟ ಹತ್ತೋ ಮೊದಲು ಬಿಸಾಕು ಅಂತ ಗಂಡ ಹೇಳಿದ್ರೆ, ಬಿಸಾಕದೆ ಬಚ್ಚಿಡ್ತಾಳೆ. ಪ್ರಪಾತದ ಅಂಚಿನ ರಸ್ತೇಲಿ ಆ ಕಲ್ಲುಗಳು ಉರುಳಾಡೋ ದೃಶ್ಯಕ್ಕೆ ಮೊದಲ ಸಲ ಬಿದ್ದುಬಿದ್ದು ನಕ್ಕಿದ್ದೆ. ಈ ಸಲ ಅಷ್ಟು ನಗು ಬರಲಿಲ್ಲ.

ಭಾವ ಕ್ಯಾಂಪರ್ ಬಿಟ್ರು. ಆ ಅಳತೆಯ ಒಂದು ಹಳೇ ಟ್ರೇಲರ್ ತಗೊಂಡ್ರು. ಹೋದ ಶನಿವಾರ ನೀರು, ಗ್ಯಾಸು ಎಲ್ಲ ತುಂಬಿ ಹೆದ್ದಾರಿಯ ಲಾರಿ ತೂಕದ ಕಟ್ಟೆಗೆ ಓಡಿಸಿಕೊಂಡು ಹೋಗಿ ತೂಗಿಸಿದ್ರು. ಬಾಗಿಲ ಚೀಟಿಯ ಲೆಕ್ಕದಲ್ಲಿ ನಲವತ್ತು ಕಿಲೋ ಮಿಕ್ಕಿತು, ನನ್ನ ಅಂದಾಜಿಗಿಂತ ಎಷ್ಟೋ ಕಮ್ಮಿ. ಹುಡುಕಿದ್ರೆ, ಅಕ್ಕ ಎರಡು ಮೂಟೆ ಸೋನಾ ಮಸೂರಿ, ಒಂದು ಕಬ್ಬಿಣದ ದೋಸೆ ಹೆಂಚು, ಮಡಚೋ ಕುರ್ಚಿಗಳು, ಹೀಗೆ ಇನ್ನೂ ಏನೇನೋ ಪಿಕಪ್ಪಿನ ಹಿಂದೆ ಇಟ್ಟಿದ್ರು.

ಇತ್ತ ನಮ್ಮಮ್ಮ ನಿನ್ನೆ ನನ್ನ ಕೇಳಿದ್ರು: "ಅಲ್ಲಿ ಗಾಡೀಲೇ ಅಡುಗೆ ಅಂತಲ್ಲೋ, ಚಿಕ್ಕ ಗ್ರೈಂಡರ್ ಒಂದು ತಗೊಂಡು ಹೋಗ್ಲಾ?"

"ಎಷ್ಟು ಕಿಲೋ ಅಮ್ಮ ಅದು?" ಅಂದೆ.