ಮನೆಗೊಂದು ಗಣಕ: ಕೊಳ್ಳುವ ಮುನ್ನ ಒಂದಿಷ್ಟು ಚರಿತ್ರೆ



ನಿಮ್ಮಲ್ಲಿ ಹಲವರ ಮನೆಯಲ್ಲಿ ಈ ಮಾತು ಈಗಾಗಲೇ ನಡೆದಿರಬಹುದು. ಪಿ.ಯು.ಸಿ. ಫಲಿತಾಂಶ ಬಂದಿದೆ. "ಅಪ್ಪಾ, ಒಂದು ಕಂಪ್ಯೂಟರ್ ಕೊಡಿಸಿ" ಎಂದು ನೀವು ಕೇಳಿದ್ದೀರಿ. ಅಂಗಡಿಯವರು ಅಂಗೈ ಮೇಲೆ ಕೂರುವಂಥ ಪುಟ್ಟ ಪೆಟ್ಟಿಗೆಯೊಂದನ್ನು ತೋರಿಸಿ, ದೊಡ್ಡ ಕಂಪ್ಯೂಟರು ಮಾಡುವ ಕೆಲಸವನ್ನು ಇದೂ ಮಾಡುತ್ತದೆ ಎಂದಿದ್ದಾರೆ. ಬೆಲೆ ವಿಚಾರಿಸಿಕೊಂಡು ಮನೆಗೆ ಬಂದ ಮೇಲೆ ಅಪ್ಪ ಒಂದೇ ಪ್ರಶ್ನೆ ಹಾಕುತ್ತಾರೆ: "ಸರಿ, ತಂದರೆ ಇದರಲ್ಲಿ ಏನು ಮಾಡುತ್ತೀ?"

ಈ ಪ್ರಶ್ನೆಗೆ ಸಿಟ್ಟಾಗಬೇಡಿ. ಇದಕ್ಕೆ ಸುಮಾರು ಐವತ್ತು ವರ್ಷಗಳ ಚರಿತ್ರೆಯಿದೆ. ಅನೇಕ ದೇಶಗಳ ತಂದೆತಾಯಂದಿರು ಇದನ್ನೇ ಕೇಳಿದ್ದಾರೆ. ಕೆಲವು ಮನೆಗಳಲ್ಲಿ ಗಣಕವು ಒಬ್ಬ ಹುಡುಗನ ಅಥವಾ ಹುಡುಗಿಯ ಬದುಕನ್ನೇ ಬದಲಿಸಿತು. ಮತ್ತೆ ಕೆಲವು ಮನೆಗಳಲ್ಲಿ ಅದು ಆರು ತಿಂಗಳಲ್ಲಿ ಅಟ್ಟ ಸೇರಿತು. ಈ ವ್ಯತ್ಯಾಸ ಎಲ್ಲಿಂದ ಬಂತು? ಅದನ್ನು ತಿಳಿದುಕೊಂಡರೆ ನಿಮ್ಮ ಮನೆಯ ತೀರ್ಮಾನವೂ ಸುಲಭವಾಗುತ್ತದೆ.

ಯಂತ್ರ ಮೊದಲು, ಉಪಯೋಗ ಆಮೇಲೆ

1975ರ ಜನವರಿ ತಿಂಗಳ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಎಂಬ ಅಮೆರಿಕದ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಬಂತು. ಆಲ್ಬುಕರ್ಕಿ ಎಂಬ ಊರಿನ ಒಂದು ಸಣ್ಣ ಕಂಪನಿ ಅದನ್ನು ಬಿಡಿಭಾಗಗಳ ರೂಪದಲ್ಲಿ ಸುಮಾರು 400 ಡಾಲರಿಗೆ ಮಾರುತ್ತಿತ್ತು. ಕೊಂಡವರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಅದಕ್ಕೆ ಕೀಲಿಮಣೆಯಿರಲಿಲ್ಲ, ಪರದೆಯಿರಲಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆದೇಶ ಕೊಡುವುದು, ಮಿನುಗುವ ದೀಪಗಳನ್ನು ನೋಡಿ ಉತ್ತರ ತಿಳಿಯುವುದು, ಇಷ್ಟೇ ಅದರ ವ್ಯವಹಾರ. ಮೂಲ ಯಂತ್ರದ ಸ್ಮರಣೆ ಕೇವಲ 256 ಬೈಟ್. ಈ ಪುಟದ ಒಂದು ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಆದರೂ ಜನ ಅದನ್ನು ಕೊಂಡರು. ಏನು ಪ್ರಯೋಜನ ಎಂದು ಅವರನ್ನು ಕೇಳಿದ್ದರೆ ಬಹುಶಃ ಉತ್ತರ ಇರಲಿಲ್ಲ. ಗಣಕವೊಂದು ತಮ್ಮ ಸ್ವಂತದ್ದಾಗಿರಬೇಕು ಎಂಬ ಆಸೆಯೇ ಅವರಿಗೆ ಸಾಕಾಗಿತ್ತು. ಎರಡೇ ವರ್ಷಗಳಲ್ಲಿ, 1977ರಲ್ಲಿ, ಕೀಲಿಮಣೆಯುಳ್ಳ ಆಪಲ್ II, ಕಮೋಡೋರ್ ಪೆಟ್, ಟಿ.ಆರ್.ಎಸ್-80 ಎಂಬ ಮೂರು ಸಿದ್ಧ ಯಂತ್ರಗಳು ಮಾರುಕಟ್ಟೆಗೆ ಬಂದವು. ಹವ್ಯಾಸಿಗಳ ಕೈಯಲ್ಲಿದ್ದ ಯಂತ್ರ ಸಾಮಾನ್ಯ ಗೃಹಸ್ಥರ ಮೇಜಿಗೆ ಬಂದದ್ದು ಹೀಗೆ.

ಜಾಹೀರಾತಿನ ಬೆಲೆ, ನಿಜವಾದ ಬೆಲೆ

ಬೆಲೆಯನ್ನು ಎಲ್ಲರ ಕೈಗೆಟಕುವಂತೆ ಇಳಿಸಿದವರು ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್. ಅವರ ಝಡ್.ಎಕ್ಸ್.80 ಯಂತ್ರ 1980ರಲ್ಲಿ 100 ಪೌಂಡಿಗಿಂತ ಐದು ಪೆನ್ನಿ ಕಡಿಮೆಗೆ ಬಂತು. ಮರುವರ್ಷದ ಝಡ್.ಎಕ್ಸ್.81 ಜೋಡಿಸಿದ ಸ್ಥಿತಿಯಲ್ಲೇ 69.95 ಪೌಂಡ್. ಹದಿನೈದು ಲಕ್ಷ ಯಂತ್ರಗಳು ಮಾರಾಟವಾದವು.

ಆದರೆ ಈ ಅಗ್ಗದ ಹಿಂದೆ ಒಂದು ಲೆಕ್ಕವಿತ್ತು. ಪರದೆಯ ಬದಲು ಮನೆಯ ಟಿ.ವಿ.ಯನ್ನೇ ಬಳಸಬೇಕು. ಬರೆದದ್ದನ್ನು ಉಳಿಸಿಕೊಳ್ಳಲು ಕ್ಯಾಸೆಟ್ ರೆಕಾರ್ಡರ್ ಬೇಕು. ಒಳಗಿದ್ದ ಸ್ಮರಣೆ 1 ಕಿಲೋಬೈಟ್ ಮಾತ್ರ. ಹೆಚ್ಚಿನದು ಬೇಕೆಂದರೆ 16 ಕಿಲೋಬೈಟಿನ ಪೆಟ್ಟಿಗೆಯೊಂದನ್ನು ಬೇರೆ ಹಣ ಕೊಟ್ಟು ತಂದು ಹಿಂದುಗಡೆ ಸಿಕ್ಕಿಸಬೇಕು. ಆ ಪೆಟ್ಟಿಗೆ ಸ್ವಲ್ಪ ಅಲುಗಿದರೂ ಗಂಟೆಗಟ್ಟಲೆ ಬೆರಳಚ್ಚಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು.

ಇಂದಿನ ಪುಟ್ಟ ಗಣಕಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. 2005ರ ಜನವರಿಯಲ್ಲಿ ಆಪಲ್ ಕಂಪನಿಯ ಮ್ಯಾಕ್ ಮಿನಿ 499 ಡಾಲರಿಗೆ ಬಂದಾಗ ಪರದೆ, ಕೀಲಿಮಣೆ, ಮೌಸ್ ಮೂರೂ ಆ ಬೆಲೆಯಲ್ಲಿ ಸೇರಿರಲಿಲ್ಲ. ಇಂದು ಅಂಗಡಿಯಲ್ಲಿ ಕಾಣುವ ಅನೇಕ ಮಿನಿ ಪಿ.ಸಿ.ಗಳಲ್ಲೂ ಹೀಗೆಯೇ. ಕೆಲವಕ್ಕೆ ಮೆಮೊರಿ ಮತ್ತು ಡಿಸ್ಕನ್ನೂ ನಾವೇ ಬೇರೆಯಾಗಿ ಕೊಳ್ಳಬೇಕು. ಪೆಟ್ಟಿಗೆಯ ಮೇಲಿನ ಬೆಲೆಯನ್ನು ನೋಡಿ ತೀರ್ಮಾನಿಸಬಾರದು, ಮೇಜಿನ ಮೇಲೆ ಎಲ್ಲ ಸಿದ್ಧವಾದಾಗ ಆಗುವ ಒಟ್ಟು ಖರ್ಚನ್ನು ಬರೆದುಕೊಳ್ಳಬೇಕು.

ದೂರದರ್ಶನ ಕಲಿಸಿದ ಪಾಠ

ಗಣಕದ ಚರಿತ್ರೆಯಲ್ಲಿ ದೂರದರ್ಶನಕ್ಕೂ ಒಂದು ಗೌರವದ ಸ್ಥಾನವಿದೆ. 1978ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಒಂದು ಸಾಕ್ಷ್ಯಚಿತ್ರ, ಸಿಲಿಕಾನ್ ಚಿಪ್ಪಿನಿಂದ ಯಾರ ಯಾರ ಉದ್ಯೋಗ ಹೋಗಬಹುದು ಎಂಬ ಪ್ರಶ್ನೆಯನ್ನೆತ್ತಿತು. ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆಯಾಯಿತು. ಹೆದರುವುದಕ್ಕಿಂತ ಕಲಿಯುವುದೇ ಮೇಲು ಎಂದು ಬಿ.ಬಿ.ಸಿ. ಗಣಕ ಸಾಕ್ಷರತೆಯ ಯೋಜನೆಯೊಂದನ್ನು ಕೈಗೊಂಡಿತು. 1982ರ ಜನವರಿಯಲ್ಲಿ ಹತ್ತು ಕಂತುಗಳ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ನಮ್ಮ ನಿಮ್ಮಂತೆ ಪ್ರಶ್ನೆ ಕೇಳುವವರು. ಕಾರ್ಯಕ್ರಮದ ಜೊತೆಗೆ ಒಂದು ಪುಸ್ತಕ, ಮನೆಯಲ್ಲೇ ಕುಳಿತು ಕಲಿಯಲು ಬೇಸಿಕ್ ಭಾಷೆಯ ಒಂದು ಪಾಠಕ್ರಮ, ಮತ್ತು ಇವೆಲ್ಲಕ್ಕೂ ಹೊಂದುವ ಒಂದು ಯಂತ್ರ ಇದ್ದವು. ಕೇಂಬ್ರಿಜ್‌ನ ಏಕಾರ್ನ್ ಕಂಪನಿ ತಯಾರಿಸಿದ ಆ ಯಂತ್ರವೇ ಬಿ.ಬಿ.ಸಿ. ಮೈಕ್ರೋ. ಶಾಲೆಗಳು ಗಣಕ ಕೊಳ್ಳಲು ಸರ್ಕಾರ ಅರ್ಧ ಹಣ ಕೊಟ್ಟಿತು.

ಸುಮಾರು 12,000 ಯಂತ್ರ ಮಾರಾಟವಾಗಬಹುದು ಎಂದು ಮೊದಲು ಅಂದಾಜಿಸಿದ್ದರು. ಕೊನೆಗೆ ಹದಿನೈದು ಲಕ್ಷಕ್ಕೂ ಮೀರಿತು. ಅದು ಅಗ್ಗದ ಯಂತ್ರವಾಗಿರಲಿಲ್ಲ, ಸಿಂಕ್ಲೇರ್ ಯಂತ್ರಕ್ಕಿಂತ ಹಲವು ಪಟ್ಟು ದುಬಾರಿ. ಆದರೆ ಯಂತ್ರದ ಜೊತೆಗೆ ಪಾಠ, ಪುಸ್ತಕ, ಶಿಕ್ಷಕ ಎಲ್ಲವೂ ಇದ್ದುದರಿಂದ ಕೊಂಡವನಿಗೆ ಮುಂದೇನು ಮಾಡಬೇಕೆಂಬುದು ಗೊತ್ತಿತ್ತು.

ಮಕ್ಕಳು ಅದರಲ್ಲಿ ಆಟವಾಡಲಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಆಡಿದರು. ಓದಿಗೆಂದು ಕೊಂಡ ಯಂತ್ರ ಆಟಕ್ಕೆ ಹೋಯಿತೆಂದು ಅಲ್ಲಿನ ತಂದೆತಾಯಂದಿರೂ ಗೊಣಗಿದರು. ಆದರೆ ಒಂದು ಮಾತನ್ನು ಗಮನಿಸಬೇಕು. ಆ ಯಂತ್ರಗಳನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಆಟ ಬರುತ್ತಿರಲಿಲ್ಲ. ಆದೇಶಕ್ಕಾಗಿ ಕಾಯುವ ಒಂದು ಗುರುತು ಬರುತ್ತಿತ್ತು. ಎಷ್ಟೋ ಸಲ ಪತ್ರಿಕೆಯಲ್ಲಿ ಅಚ್ಚಾದ ಆಟದ ಪ್ರೋಗ್ರಾಮನ್ನು ಸಾಲು ಸಾಲಾಗಿ ಬೆರಳಚ್ಚಿಸಿದ ಮೇಲೆ ಆಟ. ಒಂದು ಅಲ್ಪವಿರಾಮ ತಪ್ಪಿದರೂ ಅದು ಓಡದು. ತಪ್ಪು ಹುಡುಕುತ್ತ ಹುಡುಕುತ್ತ ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನೇ ಕಲಿತರು.

ಯಾರ ಕೋಣೆಯಲ್ಲಿ?

ಈಗ ಈ ಚರಿತ್ರೆಯ ಒಂದು ನೋವಿನ ಪುಟ. ಎಂಬತ್ತರ ದಶಕದ ಜಾಹೀರಾತುಗಳು ಮನೆಯ ಗಣಕವನ್ನು ಹೆಚ್ಚಾಗಿ ಹುಡುಗರ ವಸ್ತುವೆಂಬಂತೆ ತೋರಿಸಿದವು. ಅಮೆರಿಕದಲ್ಲಿ 1984ರ ಸುಮಾರಿಗೆ ಗಣಕ ವಿಜ್ಞಾನದ ಪದವಿ ಪಡೆದವರಲ್ಲಿ ಶೇಕಡ 37ರಷ್ಟು ಮಂದಿ ಮಹಿಳೆಯರಿದ್ದರು. ಆಮೇಲೆ ಆ ಪ್ರಮಾಣ ಇಳಿಯುತ್ತ ಹೋಗಿ, ಕಾಲು ಶತಮಾನದಲ್ಲಿ ಶೇಕಡ 20ಕ್ಕಿಂತ ಕೆಳಗಾಯಿತು. ವೈದ್ಯಕೀಯ, ಕಾನೂನು ಮುಂತಾದ ಕ್ಷೇತ್ರಗಳಲ್ಲಿ ಮಹಿಳೆಯರು ಹೆಚ್ಚುತ್ತಿದ್ದ ಕಾಲದಲ್ಲೇ ಇಲ್ಲಿ ಕಡಿಮೆಯಾದರು. ಏಕೆ?

ಕಾರಣಗಳು ಹಲವು. ತೊಂಬತ್ತರ ದಶಕದಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಶರ್ ಎಂಬವರು ವಿದ್ಯಾರ್ಥಿಗಳನ್ನೇ ಕೂರಿಸಿಕೊಂಡು ಮಾತನಾಡಿಸಿದರು. ಅನೇಕ ಮನೆಗಳಲ್ಲಿ ಗಣಕ ಮಗನ ಕೋಣೆಯಲ್ಲಿತ್ತು. ತಂದೆ ಮಗನ ಜೊತೆ ಕುಳಿತು ಅದನ್ನು ಬಿಚ್ಚುತ್ತಿದ್ದರು, ಜೋಡಿಸುತ್ತಿದ್ದರು. ಮಗಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಕಾಲೇಜಿಗೆ ಬಂದಾಗ ಹುಡುಗರಿಗೆ ಎಷ್ಟೋ ವರ್ಷಗಳ ಅಭ್ಯಾಸವಾಗಿತ್ತು. ಹುಡುಗಿಯರಿಗೆ ತಮಗೇ ಬುದ್ಧಿ ಕಡಿಮೆಯೇನೋ ಎನ್ನಿಸಿತು. ಕಡಿಮೆಯಿದ್ದದ್ದು ಬುದ್ಧಿಯಲ್ಲ, ಯಂತ್ರದ ಮುಂದೆ ಕುಳಿತ ಸಮಯ. ಹಿಂದಿನ ಅನುಭವವನ್ನು ಮುಖ್ಯವೆಂದು ಪರಿಗಣಿಸುವುದನ್ನು ಬಿಟ್ಟು, ಪಾಠಕ್ರಮವನ್ನೂ ತಿದ್ದಿದ ಮೇಲೆ ಅಲ್ಲಿ ಗಣಕ ವಿಜ್ಞಾನಕ್ಕೆ ಸೇರುವವರಲ್ಲಿ ಹುಡುಗಿಯರ ಪ್ರಮಾಣ 1995ರ ಶೇಕಡ 7ರಿಂದ 2000ದಲ್ಲಿ ಶೇಕಡ 42ಕ್ಕೆ ಏರಿತು.

ನಮ್ಮ ಮನೆಗಳಲ್ಲಿ ಇದು ಎಷ್ಟು ನಿಜವೆಂಬುದನ್ನು ನೀವೇ ಯೋಚಿಸಿ. ಅಣ್ಣ ಇಂಜಿನಿಯರಿಂಗ್ ಓದುತ್ತಾನೆಂದು ಗಣಕ ಅವನ ಮೇಜಿಗೆ ಹೋಗುತ್ತದೆ. ತಂಗಿ ತನ್ನ ಪ್ರಾಜೆಕ್ಟ್ ಕೆಲಸಕ್ಕೆ ಅವನ ಬಿಡುವು ಕಾಯಬೇಕಾಗುತ್ತದೆ. ಗಣಕವನ್ನು ಎಲ್ಲಿಡಬೇಕೆಂಬುದು ಮೇಜು ಕುರ್ಚಿಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಯಾರು ಕಲಿಯುತ್ತಾರೆ ಎಂಬುದು ಅಲ್ಲೇ ನಿರ್ಧಾರವಾಗಿಬಿಡಬಹುದು.

ನಮ್ಮ ನಾಡಿನ ಅನುಭವ

ಬಿ.ಬಿ.ಸಿ. ಮೈಕ್ರೋ ನಮ್ಮ ದೇಶಕ್ಕೂ ಬಂತು. 1984-85ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಮೊದಲಿಗೆ 250 ಶಾಲೆಗಳಲ್ಲಿ ಈ ಯಂತ್ರಗಳನ್ನಿರಿಸಿ ಗಣಕ ಶಿಕ್ಷಣ ಆರಂಭಿಸಿತು. ಆದರೆ ಯಂತ್ರ ಬಂದಷ್ಟು ಬೇಗ ತರಬೇತಿ ಪಡೆದ ಶಿಕ್ಷಕರು ಬರಲಿಲ್ಲ. ಯಂತ್ರಕ್ಕೆ ತಿಳಿಯುತ್ತಿದ್ದದ್ದು ಇಂಗ್ಲಿಷ್ ಮಾತ್ರ.

ಭಾಷೆಯ ತೊಡಕನ್ನು ನಮ್ಮವರು ಕ್ರಮೇಣ ಬಿಡಿಸಿದರು. ಕೆ. ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ರಾವ್ ಅವರ ವಿನ್ಯಾಸವನ್ನೇ ಅಳವಡಿಸಿಕೊಂಡಿತು. ಹೀಗೆ ಮನೆಯ ಗಣಕದಲ್ಲಿ ಅಜ್ಜಿಯ ಹಾಡುಗಳನ್ನು ಬರೆದಿಡುವುದೂ ಸಾಧ್ಯವಾಯಿತು.

ಅದೇ 1998ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಇಂಜಿನಿಯರುಗಳೂ ಸೇರಿ 'ಸಿಂಪ್ಯೂಟರ್' ಎಂಬ ಕೈಗಣಕದ ಕಲ್ಪನೆ ಮುಂದಿಟ್ಟರು. ಪ್ರತಿಯೊಬ್ಬರೂ ಒಂದೊಂದು ಕೊಳ್ಳಲಾರರು, ಆದ್ದರಿಂದ ಒಂದೇ ಯಂತ್ರವನ್ನು ಊರಿನ ಹಲವರು ಬಳಸಲಿ, ತಮ್ಮ ತಮ್ಮ ಮಾಹಿತಿಯನ್ನು ತಮ್ಮ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂಬುದು ಅದರ ಹಿಂದಿದ್ದ ಯೋಚನೆ. 2004ರಲ್ಲಿ ಅದು ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಹಂಚಿಕೊಂಡು ಬಳಸುವ ಆ ಯೋಚನೆ ಇಂದಿಗೂ ನಮಗೆ ಬೇಕು.

ಮತ್ತೆ ಪುಟ್ಟ ಪೆಟ್ಟಿಗೆ

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಬೆನ್ ಅಪ್ಟನ್ ಮತ್ತು ಸಂಗಡಿಗರಿಗೆ ಒಂದು ಚಿಂತೆ ಹತ್ತಿತು. ಗಣಕ ವಿಜ್ಞಾನ ಓದಲು ಬರುವವರ ಸಂಖ್ಯೆ ಇಳಿಯುತ್ತಿತ್ತು, ಬಂದವರಿಗೂ ಪ್ರೋಗ್ರಾಮ್ ಬರೆದ ಅಭ್ಯಾಸ ಕಡಿಮೆ. ಮನೆಮನೆಯಲ್ಲಿ ಗಣಕವಿದ್ದರೂ ಅದು ಮುಚ್ಚಿದ ಪೆಟ್ಟಿಗೆಯಾಗಿತ್ತು. ಇದಕ್ಕೆ ಉತ್ತರವಾಗಿ 2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಬಂತು. ಕ್ರೆಡಿಟ್ ಕಾರ್ಡಿನ ಅಳತೆ, 35 ಡಾಲರ್ ಬೆಲೆ. ಅದರ ಮಾದರಿಗಳಿಗೆ ಎ, ಬಿ ಎಂದು ಹೆಸರಿಟ್ಟದ್ದು ಬಿ.ಬಿ.ಸಿ. ಮೈಕ್ರೋದ ನೆನಪಿಗಾಗಿ. ಅದರೊಳಗಿನ ಆರ್ಮ್ ಮಾದರಿಯ ಪ್ರೊಸೆಸರಿನ ಮೂಲವೂ ಏಕಾರ್ನ್ ಕಂಪನಿಯೇ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1983ರಲ್ಲಿ ಅಲ್ಲಿ ಆರಂಭಿಸಿದ ಕೆಲಸದ ವಂಶವೇ ಇಂದು ನಿಮ್ಮ ಮೊಬೈಲಿನಲ್ಲೂ ಇದೆ.

ಹಾಗಾದರೆ ಕೊಳ್ಳಬೇಕೇ?

ಈಗ ಅಪ್ಪನ ಪ್ರಶ್ನೆಗೆ ಹಿಂತಿರುಗೋಣ. ಪಾಠ ಕೇಳುವುದು, ವಿಡಿಯೋ ನೋಡುವುದು ಇಷ್ಟೇ ಆದರೆ ಮನೆಯಲ್ಲಿರುವ ಮೊಬೈಲ್ ಫೋನೇ ಸಾಕಾದೀತು. ಬರೆಯುವುದು, ಲೆಕ್ಕಪತ್ರ, ಪ್ರೋಗ್ರಾಮಿಂಗ್, ಚಿತ್ರ ವಿನ್ಯಾಸ ಇಂಥ 'ಮಾಡುವ' ಕೆಲಸವಿದ್ದರೆ ಕೀಲಿಮಣೆ ಮತ್ತು ದೊಡ್ಡ ಪರದೆ ಬೇಕೇ ಬೇಕು. ಕಾಲೇಜಿಗೂ ಹಾಸ್ಟೆಲಿಗೂ ಹೊತ್ತುಕೊಂಡು ಹೋಗಬೇಕಿದ್ದರೆ ಲ್ಯಾಪ್‌ಟಾಪ್ ಸರಿ. ಮನೆಯಲ್ಲೇ ಹಲವರು ಬಳಸುವುದಾದರೆ ಪುಟ್ಟ ಮೇಜಿನ ಗಣಕ ಒಳ್ಳೆಯ ಆಯ್ಕೆ. ಅದು ಜಾಗ ತಿನ್ನುವುದಿಲ್ಲ, ಹಳೆಯ ದೊಡ್ಡ ಪೆಟ್ಟಿಗೆಗಿಂತ ಕಡಿಮೆ ವಿದ್ಯುತ್ತಿನಲ್ಲಿ ಓಡುತ್ತದೆ, ಪರದೆ ಕೆಟ್ಟರೆ ಪರದೆಯನ್ನಷ್ಟೇ ಬದಲಿಸಬಹುದು. ಆದರೆ ಅದಕ್ಕೆ ಬ್ಯಾಟರಿಯಿಲ್ಲ. ಕರೆಂಟು ಪದೇಪದೇ ಹೋಗುವ ಊರಾದರೆ ಯು.ಪಿ.ಎಸ್. ಖರ್ಚನ್ನೂ ಸೇರಿಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಮುಂದೆ ಹೆಚ್ಚಿಸಲಾಗದು. ಇದನ್ನು ಕೊಳ್ಳುವ ಮೊದಲೇ ಕೇಳಬೇಕು.

ಕೊಳ್ಳುವ ಶಕ್ತಿ ಈಗ ಇಲ್ಲವೆಂದರೆ ಅದು ಸೋಲಲ್ಲ. ಶಾಲೆಯ ಪ್ರಯೋಗಾಲಯ, ಗ್ರಂಥಾಲಯ, ಇಬ್ಬರು ಗೆಳತಿಯರ ನಡುವೆ ಒಂದು ಹಳೆಯ ಯಂತ್ರ, ಇವುಗಳಿಂದಲೂ ಕಲಿಕೆ ಸಾಗುತ್ತದೆ. ಜೊತೆಗೆ ಪಾಠವೂ ಜೊತೆಗಾರರೂ ಇಲ್ಲದ ಹೊಸ ಯಂತ್ರಕ್ಕಿಂತ ಅವು ಮೇಲು. ಯಂತ್ರದ ಸುತ್ತ ಏನಿತ್ತು, ಯಾರಿದ್ದರು ಎಂಬುದೇ ಫಲವನ್ನು ನಿರ್ಧರಿಸಿದೆ ಎಂದು ಈ ಐವತ್ತು ವರ್ಷಗಳ ಚರಿತ್ರೆ ಹೇಳುತ್ತದೆ.

ಮನೆಯಲ್ಲಿ ಕುಳಿತು ಚರ್ಚಿಸಿ

1. ಮೊದಲ ಆರು ತಿಂಗಳಲ್ಲಿ ಗಣಕದಲ್ಲಿ ನೀವು ಮಾಡಲಿರುವ ಮೂರು ಕೆಲಸಗಳನ್ನು ಬರೆಯಿರಿ. ಅವುಗಳಲ್ಲಿ ಮೊಬೈಲಿನಲ್ಲಿ ಆಗದಿರುವುದು ಯಾವುದು?
2. ಪರದೆ, ಕೀಲಿಮಣೆ, ಯು.ಪಿ.ಎಸ್., ಇಂಟರ್ನೆಟ್ ಎಲ್ಲ ಸೇರಿ ಒಟ್ಟು ಖರ್ಚೆಷ್ಟು?
3. ತಿಳಿಯದಿದ್ದಾಗ ಯಾರನ್ನು ಕೇಳುತ್ತೀರಿ?
4. ಗಣಕವನ್ನು ಮನೆಯಲ್ಲಿ ಎಲ್ಲಿಡುತ್ತೀರಿ? ಅಕ್ಕ, ತಂಗಿ, ಅಮ್ಮ ಯಾವ ಹೊತ್ತಿನಲ್ಲಿ ಅದರ ಮುಂದೆ ಕೂರುತ್ತಾರೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿದ್ಧವಾದ ಮೇಲೆ ಅಂಗಡಿಗೆ ಹೋಗಿ.